ಕಸಿಯ ಗಂಟು

ತೀರಿಕೊಂಡ ಗಂಡನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ಶೀತಲ್ ಅದನ್ನೇ ನೋಡುತ್ತ ನಿಂತಿದ್ದಳು.

"ಒಲೆ ಆರ್ಸಮ್ಮಾ!"

ಬಾಗಿಲಲ್ಲಿ ಪುಟ್ಟಣ್ಣ. ಭದ್ರಾವತಿಯ ಹೊರಗೆ ದ್ರಾಕ್ಷಿ ಬೆಳೆದು ವೈನ್ ಮಾಡುವವನು. ಕೂರಲಿಲ್ಲ. "ಇಂಥ ಹೊತ್ನಲ್ಲಿ ಬರಬಾರ್ದು, ಗೊತ್ತು. ಆದ್ರೆ ನನ್ ವೈನ್ ಕೊಂಡ ಬೆಂಗಳೂರಿನೋರು ನಾಳೆ ಸರಕೆಲ್ಲ ವಾಪಸ್ ಕಳಿಸ್ತಾರಂತೆ. ಶಿರಾಜ್ ದ್ರಾಕ್ಷಿ ಅಂತ ಲೇಬಲ್ ಹಚ್ಚಿ ಬೇರೆ ಜಾತೀದು ಹಿಂಡಿದೀನಂತೆ. ನಾನು ಕಳ್ಳನಾ?"

ಆ ಮಾತು ಹುಟ್ಟಿದ್ದು ಅವಳ ಗಂಡ ರುದ್ರೇಶನ ಪರೀಕ್ಷೆಯಿಂದ. ಶಿವಮೊಗ್ಗದ ಕಾಲೇಜಿನ ಪ್ರಯೋಗಾಲಯದಲ್ಲಿ ಅವನು ತೋಟದ ಎಲೆಯ ಡಿಎನ್‌ಎ ಜೊತೆ ಹೊಸ ವೈನಿನದನ್ನು ಹೋಲಿಸಿ, ಎರಡೂ ಬೇರೆ ಎಂದು ಬೆಂಗಳೂರಿಗೆ ಬರೆದು ಕಳಿಸಿದ್ದ. ಆ ವಾರವೇ ಅವನ ಬೈಕಿಗೆ ಲಾರಿ ಗುದ್ದಿತು.

"ಅವ್ರು ತಪ್ಪು ಮಾಡೋರಲ್ಲ," ಎಂದಳು ಶೀತಲ್. ಅವಳೂ ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವಳು, ಫಲಿತಾಂಶವನ್ನು ತಾನೇ ಕಣ್ಣಾರೆ ನೋಡಿದ್ದಳು.

"ಹಂಗಾದ್ರೆ ನಾನೇ ಕಳ್ಳ ಅಂದಂಗಾಯ್ತಲ್ಲ, ಮಾರಾಯ್ತಿ!"

ಅಪಘಾತದ ನಂತರ ಪೊಲೀಸರು ಕೊಟ್ಟ ಗಂಡನ ಚೀಲದಲ್ಲಿ ಬಳ್ಳಿ ಸವರುವ ಕತ್ತರಿಯಿತ್ತು. ಎಲೆ ಕೊಯ್ಯಲು ರುದ್ರೇಶ ಪುಟ್ಟಣ್ಣನ ಮನೆಯಿಂದ ಕಡ ತಂದದ್ದು. ಹಿಡಿಕೆಗೆ ಪುಟ್ಟಣ್ಣನ ಹೆಂಡತಿ ಮಹಾಂತಮ್ಮ ಹಸಿರು ಸೀರೆಯಂಚು ಸುತ್ತಿದ್ದಳು. ಶೀತಲ್ ಅದನ್ನು ಕೈಗೆತ್ತಿಕೊಂಡಳು. "ಅವ್ರು ಕೊಯ್ದ ಬಳ್ಳಿ ತೋರ್ಸಿ."

ತೋಟದ ತುದಿಯಲ್ಲಿ ಆ ಬಳ್ಳಿಗೆ ಬಿಳಿ ಬಟ್ಟೆ ಕಟ್ಟಿತ್ತು, ಮೇಲೆ ರುದ್ರೇಶನ ಅಕ್ಷರ. ಶೀತಲ್ ಮಂಡಿಯೂರಿದಳು. ಕಾಡು ದ್ರಾಕ್ಷಿಯ ಬುಡದ ಮೇಲೆ ಶಿರಾಜ್ ಕಟ್ಟಿದ ಕಸಿಯ ಗಂಟು ಎದ್ದು ಕಾಣುತ್ತಿತ್ತು. ಬಟ್ಟೆ ಕಟ್ಟಿದ್ದ ಚಿಗುರು ಹೊರಟದ್ದು ಗಂಟಿನ ಕೆಳಗಿನಿಂದ. ಎಳೆ ಎಲೆಯೇ ಬೇಕು, ಅದರಲ್ಲೇ ಡಿಎನ್‌ಎ ಚೆನ್ನಾಗಿ ಸಿಗುತ್ತದೆ ಎನ್ನುತ್ತಿದ್ದ ರುದ್ರೇಶ. ಎಳೆಯದು ಕೆಳಗೇ ಸಿಕ್ಕಿತ್ತು. ಅವನು ಪರೀಕ್ಷಿಸಿದ್ದು ಕಾಡು ಬಳ್ಳಿಯ ಎಲೆಯನ್ನು.

ಪುಟ್ಟಣ್ಣನಿಗೂ ಕಂಡಿತು. ಬಟ್ಟೆಯ ಮೇಲಿನ ಅಕ್ಷರವನ್ನು ಬೆರಳಿನಿಂದ ಮುಟ್ಟಿದ. ಆಮೇಲೆ, "ಹೋದೋರ ಹೆಸರು ಕೆಡೋದು ಬ್ಯಾಡ. ನಾನೇ ತಪ್ಪು ಎಲೆ ಕೊಟ್ಟೆ ಅಂತ ಹೇಳ್ಬಿಡಮ್ಮ," ಎಂದ.

"ಕೊಟ್ಟಿದ್ದು ನೀವಲ್ವಲ್ಲ ಅಣ್ಣಾ."

ಗಂಟಿನ ಮೇಲಿನ ಎಲೆಗಳನ್ನು ಕೊಯ್ದು ಕವರಿಗೆ ಹಾಕಿದಳು. ಪುಟ್ಟಣ್ಣನ ಮೊಬೈಲಿನಿಂದಲೇ ಬೆಂಗಳೂರಿಗೆ ಫೋನ್ ಮಾಡಿದಳು. "ರುದ್ರೇಶ್ ಹೆಂಡತಿ ಮಾತಾಡ್ತಿರೋದು. ಎಲೆ ಕೊಯ್ಯೋವಾಗ ತಪ್ಪಾಗಿದೆ. ತಪ್ಪು ಅವರದ್ದೇ. ಇನ್ನೊಂದು ಸಲ ಪರೀಕ್ಷೆ ನಾನು ಮಾಡ್ತೀನಿ, ಅಲ್ಲೀತನಕ ಸರಕು ಮುಟ್ಬೇಡಿ."

ಮಹಾಂತಮ್ಮ ಮಜ್ಜಿಗೆ ಹಿಡಿದು ಬಂದಿದ್ದಳು. ಶೀತಲ್ ಕತ್ತರಿಯನ್ನು ಅವಳ ಕೈಗಿಟ್ಟಳು. ಮಹಾಂತಮ್ಮ ಅದನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಗಂಟಿನ ಕೆಳಗಿನ ಚಿಗುರನ್ನು ಯಾರೂ ಸವರಲಿಲ್ಲ. ಬಿಳಿ ಬಟ್ಟೆ ಗಾಳಿಗೆ ತಿರುಗುತ್ತಿತ್ತು.