ಗೋಪುರದ ಮೂರು ಮೆಟ್ಟಿಲು

ಇಟಲಿಯ ತುದಿಯ ಲೆಚ್ಚೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಅಸುಂತಾ, ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಇವತ್ತು ಗೋಪುರ ಹತ್ತಲೇಬೇಕು ಕಣೇ ಓರ್ನೆಲ್ಲಾ. ನೆಪ ಗಿಪ ಹೇಳಿದ್ಯೋ, ಮುಂದಿನ ರೈಲಿಗೇ ವಾಪಸ್ ಹೋಗ್ತೀನಿ."

ನಮ್ಮ ಬೊಲೋನ್ಯಾದಲ್ಲಿ ಓದುವವರು ಪದವಿ ಕೈಗೆ ಬರುವ ಮುಂಚೆ ಊರ ನಡುವಿನ ಆ ಹಳೇ ಗೋಪುರ ಹತ್ತುವುದಿಲ್ಲ. ಹತ್ತಿದರೆ ಪದವಿ ಬರುವುದೇ ಇಲ್ಲವಂತೆ. ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಮಾಡುವವರೂ ಹತ್ತುವುದಿಲ್ಲ. ಅರವತ್ತೊಂದರ ನನಗೆ ಇದರ ಭಯ ಯಾಕೆಂದರೆ, ಬರುವ ಗುರುವಾರ ನನ್ನ ಪದವಿಯ ಕೊನೆಯ ಮೌಖಿಕ ಪರೀಕ್ಷೆ. ಫೇಲಾದರೆ ಮಾನ ಹೋಗುತ್ತದೆಂದು ಮಗಳಿಗೂ ಹೇಳಿರಲಿಲ್ಲ.

ಅಸುಂತಾಗಂತೂ ಹೇಳುವ ಹಾಗೇ ಇರಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ನಾವಿಬ್ಬರೂ ಇಲ್ಲಿ ಒಂದೇ ಕೋಣೆಯಲ್ಲಿದ್ದು ಓದುತ್ತಿದ್ದೆವು. ಅವಳು ಪಾಸಾಗಿ ಊರಿಗೆ ಹೋದಳು. ನನ್ನ ಅಪ್ಪ ಹಾಸಿಗೆ ಹಿಡಿದರು, ನಾನು ಓದು ಬಿಟ್ಟು ಅವರ ಗುಂಡಿ-ದಾರದ ಅಂಗಡಿಯಲ್ಲಿ ಕೂತೆ. ನಾಚಿಕೆಯಾಗಿ, 'ನನಗೂ ಪದವಿ ಸಿಕ್ಕಿತು, ಗೋಪುರವನ್ನೂ ಹತ್ತಿ ಬಂದೆ' ಎಂದು ಅವಳಿಗೆ ಕಾಗದ ಬರೆದುಬಿಟ್ಟೆ. ಆ ಸುಳ್ಳನ್ನು ಅಂದಿನಿಂದ ಸಾಕಿಕೊಂಡು ಬಂದಿದ್ದೇನೆ.

ಸುತ್ತಾಡಿಸಿ ಸುಸ್ತು ಮಾಡಿಬಿಟ್ಟರೆ ಗೋಪುರ ಮರೆಯುತ್ತಾಳೆ ಎಂದುಕೊಂಡೆ. ದೊಡ್ಡ ಚೌಕಕ್ಕೆ ಬಂದಾಗ ಅವಳು ನಟ್ಟನಡುವೆ ದಾಪುಗಾಲು ಹಾಕಿ ಹೋದಳು. ನಾನು ಅಂಚು ಹಿಡಿದು ಸುತ್ತಿಕೊಂಡು ಹೋದೆ. ಓದುವವರು ಆ ಚೌಕದ ನಡುವೆಯೂ ಹಾಯುವುದಿಲ್ಲ.

"ಅದೇನೇ, ಬೆಕ್ಕಿನ ಥರ ಗೋಡೆ ಸವರ್ಕೊಂಡು ಬರ್ತೀಯ?"

"ಬಿಸಿಲು ಕಣೇ."

"ಮೋಡ ಮುಚ್ಚಿದೆ!"

ಕಾಲುವೆ ಕಾಣುವ ಗೋಡೆಕಿಂಡಿಯ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಈ ನೀರು ಯಾವ ಯಾವ ರೇಷ್ಮೆ ಗಿರಣಿ ತಿರುಗಿಸುತ್ತಿತ್ತು, ಯಾವ ಬೀದಿಯ ಕೆಳಗೆ ಈಗಲೂ ಹರಿಯುತ್ತಿದೆ, ಎಲ್ಲ ಒದರಿಬಿಟ್ಟೆ. ಅದೇ ನನ್ನ ಪ್ರಬಂಧದ ವಿಷಯ.

"ಗುಂಡಿ ಮಾರೋಳಿಗೆ ಇದೆಲ್ಲ ಹೇಗೇ ಗೊತ್ತು?" ಅಸುಂತಾ ಕಣ್ಣು ಕಿರಿದು ಮಾಡಿದಳು.

"ಗಿರಾಕಿಗಳು ಹೇಳ್ತಾರೆ."

ಮಧ್ಯಾಹ್ನ ತೊರ್ತೆಲ್ಲಿನಿ ಎಂಬ ಪುಟ್ಟ ಕಡುಬುಗಳನ್ನು ಬಿಸಿ ಸಾರಿನಲ್ಲಿ ಎರಡೆರಡು ಬಟ್ಟಲು ತಿನ್ನಿಸಿದೆ. ನಿದ್ದೆ ಬಂದದ್ದು ನನಗೆ. ಅವಳು ಬಾಯಿ ಒರೆಸಿಕೊಂಡು ಎದ್ದು, ನನ್ನ ತೋಳು ಹಿಡಿದು ಸೀದಾ ಗೋಪುರಕ್ಕೆ ಎಳೆದುಕೊಂಡು ಹೋಗಿ ಎರಡು ಟಿಕೆಟ್ ತೆಗೆದಳು.

"ನನ್ನ ಮಂಡಿ..." ಎಂದೆ.

"ನಂಗೂ ಇದೆ ಮಂಡಿ. ನಡಿ."

ಮೊದಲ ಮೆಟ್ಟಿಲು. ಎರಡನೆಯದು. ಮೂರನೆಯದರಲ್ಲಿ ನನ್ನ ಕಾಲು ನಿಂತೇಹೋಯಿತು. ಮೇಲಿನಿಂದ ಅವಳು ತಿರುಗಿ ನೋಡಿದಳು. ಮುಖದಲ್ಲಿ ತಮಾಷೆ ಇರಲಿಲ್ಲ.

"ಇಬ್ರೂ ಜೊತೆಗೆ ಹತ್ತೋಣ ಅಂತ ಮಾತಾಗಿತ್ತಲ್ವೇನೇ? ಪಾಸಾದ ದಿನ ಎಲ್ರೂ ಕರೆದ್ರು, ನಾನು ಹತ್ತಲಿಲ್ಲ. ನಿಂಗೋಸ್ಕರ ಕಾದೆ. ನೀನು ಒಬ್ಳೇ ಹತ್ತಿ ಕಾಗದ ಬರೆದೆ. ಅವತ್ತು ಎಷ್ಟು ಅತ್ತೆ ಗೊತ್ತಾ?"

ಇಷ್ಟು ವರ್ಷ ನಾನು ಸುಳ್ಳು ಹೇಳಿದ್ದೇನೆ ಎಂದಷ್ಟೇ ತಿಳಿದಿದ್ದೆ. ಅದು ಅವಳಿಗೆ ನೋವು ಕೊಟ್ಟಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ನಾನು ಹತ್ತೇ ಇಲ್ಲ ಕಣೇ ಅಸುಂತಾ. ಪದವೀನೂ ಆಗ್ಲಿಲ್ಲ. ಅಂಗಡೀಲಿ ಕೂತೆ, ನಾಚಿಕೆ ಆಯ್ತು, ಸುಳ್ಳು ಬರೆದೆ. ಈಗ ಮತ್ತೆ ಓದ್ತಿದೀನಿ. ಗುರುವಾರ ಪರೀಕ್ಷೆ."

ಹಿಂದೆ ನಿಂತಿದ್ದ ಪ್ರವಾಸಿಗಳು ಗೊಣಗತೊಡಗಿದರು. ಅವಳು ನನ್ನ ಕಾಲಿನ ಕಡೆ ನೋಡಿ ಕೇಳಿದಳು:

"ಎಷ್ಟು ಮೆಟ್ಟಿಲು ಹತ್ತಿದ್ದೀಯ?"

"ಮೂರು."

"ಇಳಿ! ತಿರುಗ್ಬೇಡ, ಹಾಗೇ ಹಿಂದಕ್ಕೆ ಇಳಿ. ಹತ್ತಿದ್ದು ವಜಾ ಆಗ್ಬೇಕು."

ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ಇವಳು! "ನೀನು ಇದನ್ನೆಲ್ಲ ನಂಬ್ತೀಯಾ?"

"ನಂಬಲ್ಲ. ಬಾಯಿ ಮುಚ್ಕೊಂಡು ಇಳಿ."

ಹೊರಗೆ ಬಂದಮೇಲೆ ಕೈಚೀಲದಿಂದ ನನ್ನ ಬೆನ್ನಿಗೆ ಎರಡು ಬಾರಿಸಿದಳು. "ಮೂವತ್ತೆಂಟು ವರ್ಷ ಪಟ್ಟ ಹೊಟ್ಟೆಕಿಚ್ಚೆಲ್ಲ ದಂಡ ಆಯ್ತಲ್ಲೇ!" ಎಂದಳು. ಮತ್ತೆ ಕಣ್ಣೊರೆಸಿಕೊಂಡು, "ನಾಳೆ ಹೋಗಲ್ಲ. ಶುಕ್ರವಾರ ಹೋಗ್ತೀನಿ. ಗುರುವಾರ ನೀನು ಪಾಸಾದ ತಕ್ಷಣ ಹತ್ತೋಣ."

"ಪಾಸಾಗದಿದ್ರೆ?"

"ಇನ್ನೊಂದ್ಸಲ ಬರ್ತೀನಿ. ಇಷ್ಟು ವರ್ಷ ಕಾದಿದೀನಿ. ಹೇಳು, ಆ ಗಿರಣಿಗಳಿಗೆ ನೀರು ಎಲ್ಲಿಂದ ಬರ್ತಿತ್ತು? ತಡವರಿಸ್ಬೇಡ!"

ಹಳೆಯ ಕೋಣೆಯಲ್ಲಿ ಹೀಗೆಯೇ ಒಬ್ಬರನ್ನೊಬ್ಬರು ಕಾಡಿಸಿ ಪ್ರಶ್ನೆ ಕೇಳುತ್ತಿದ್ದೆವು. ಉತ್ತರ ಹೇಳುತ್ತಾ ಮನೆ ದಾರಿ ಹಿಡಿದೆ. ಚೌಕ ಬಂತು. ಮಾತಿನ ಭರದಲ್ಲಿ ನಾನು ನೇರ ನಡುವಿಗೇ ಕಾಲಿಟ್ಟಿದ್ದೆ. ಅಸುಂತಾ ನನ್ನ ಕೋಟು ಹಿಡಿದು ಹಿಂದಕ್ಕೆ ಎಳೆದು, ತಾನೇ ಮುಂದಾಗಿ, ಗೋಡೆ ಸವರಿಕೊಂಡು ನಡೆಯತೊಡಗಿದಳು.