ಅರ್ಧ ಚೀಪಿದ ಪೆಪ್ಪರ್‌ಮೆಂಟು

ರಕ್ತಪರೀಕ್ಷೆಯ ಕೋಣೆಯಲ್ಲಿ ಅಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹದಿನಾರು ವರ್ಷದಿಂದ ಊರವರ ರಕ್ತವನ್ನೆಲ್ಲ ಇದೇ ಯಂತ್ರಕ್ಕೆ ಉಣಿಸಿ, ನಿಶ್ಚಿಂತೆಯಾಗಿ ಆಚೆ ಹೋಗಿ ಚಹಾ ಕುಡಿದು ಬರುತ್ತಿದ್ದವಳು. ಇವತ್ತು ಯಂತ್ರದೊಳಗಿದ್ದದ್ದು ಒಡಹುಟ್ಟಿದ ತಂಗಿಯ ರಕ್ತ.

ತಂಗಿ ಶಿಶುವಿಹಾರದ ಟೀಚರು. ಈಗ ಹತ್ತು ವಾರದ ಬಸುರಿ, ಅದೂ ಆರು ವರ್ಷ ಕಾದ ಮೇಲೆ. ನಾಲ್ಕು ದಿನದ ಹಿಂದೆ ಅವಳ ತೊಡೆಯೇರಿ ಕಥೆ ಕೇಳಿದ ಮಗುವಿಗೆ ಮರುದಿನವೇ ಮೈತುಂಬ ಕೆಂಪು ದದ್ದು. ರುಬೆಲ್ಲಾ. ಮಕ್ಕಳಿಗಾದರೆ ಮೂರು ದಿನದ ಕಾಟ, ಅಷ್ಟೆ. ಬಸುರಿಗೆ ಹೊಸದಾಗಿ ತಗುಲಿದರೆ ಹೊಟ್ಟೆಯೊಳಗಿನ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಕೈಹಾಕುತ್ತದೆ. ಹಿಂದೊಮ್ಮೆ ಬಂದುಹೋಗಿದ್ದರೆ ಭಯವಿಲ್ಲ. ಈ ಅಕ್ಕತಂಗಿಯರ ಚಿಕ್ಕಂದಿನಲ್ಲಿ ಅದರ ಲಸಿಕೆ ಇನ್ನೂ ಅವರ ಕಡೆ ಬಂದಿರಲಿಲ್ಲ.

ತಂಗಿಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಿಕೊಂಡಿದ್ದ ಅಮ್ಮ ಐದು ನಿಮಿಷಕ್ಕೊಮ್ಮೆ ಬಾಗಿಲಿಗೆ ಬರುತ್ತಿದ್ದಳು.

"ಆಯ್ತೇನೇ?"

"ಇನ್ನೂ ನಲವತ್ತು ನಿಮಿಷ ಅಮ್ಮಾ."

"ಅವಳಿಗೆ ಬಂದೇ ಇಲ್ಲ ಕಣೇ. ಬಂದಿದ್ದು ನಿನಗೆ. ನಿನ್ನ ಹಿಂದಿನ ಕೋಣೇಲಿ ಕೂಡಿಹಾಕಿ, ಅವಳನ್ನ ಹತ್ರ ಸುಳಿಯೋಕೂ ಬಿಡದೆ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಆ ಕಾದಿದ್ದೇ ಈಗ ಮುಳುವಾಯ್ತಲ್ಲೇ!"

ಅಮ್ಮ ಕಾದದ್ದು ನಿಜ. ಆದರೆ ಹಿಂದಿನ ಕೋಣೆಗೊಂದು ಕಿಟಕಿಯಿತ್ತು. ಅಕ್ಕನಿಗಾಗ ಏಳು ವರ್ಷ, ತಂಗಿಗೆ ನಾಲ್ಕು. ಸರಳಿನಾಚೆ ನಿಂತು ಅಳುತ್ತಿದ್ದ ತಂಗಿಯ ಬಾಯಿಗೆ ಅಕ್ಕ ತಾನು ಅರ್ಧ ಚೀಪಿದ ಪೆಪ್ಪರ್‌ಮೆಂಟನ್ನು ಇಟ್ಟಿದ್ದಳು. ಅಮ್ಮ ಅನುಮಾನದಿಂದ ಕೇಳಿದಾಗ "ನಿನ್ನಾಣೆ, ಏನೂ ಕೊಟ್ಟಿಲ್ಲ" ಎಂದಿದ್ದಳು. ತಂಗಿಗೆ ಒಂದು ದದ್ದೂ ಏಳಲಿಲ್ಲ, ಸುಳ್ಳು ದಕ್ಕಿತು. ಆಮೇಲೆ ಅಮ್ಮನಿಗೆ ತಲೆನೋವು ಬಂದರೂ ಸುಳ್ಳು ಆಣೆಯೇ ತಟ್ಟಿತೆಂದು ಪಾಪ, ಹುಡುಗಿ ಹೆದರಿ ಸಾಯುತ್ತಿದ್ದಳು.

ದದ್ದು ಏಳದೆಯೂ ಈ ರೋಗ ಸದ್ದಿಲ್ಲದೆ ಬಂದುಹೋಗಬಹುದು. ಅದು ಅಕ್ಕನಿಗೆ ಗೊತ್ತಾದದ್ದು ಕೆಲಸ ಕಲಿತ ಮೇಲೆ. ಮೈಯೊಳಗೆ ಬಿ ಕೋಶಗಳೆಂಬ ಕಾವಲುಗಾರರು ಕೋಟಿಗಟ್ಟಲೆ, ಒಬ್ಬೊಬ್ಬರಿಗೂ ಒಂದೊಂದೇ ಗುರುತು ಗೊತ್ತು. ಅಂದು ವೈರಸ್ಸು ತಂಗಿಯೊಳಗೆ ಇಳಿದಿದ್ದರೆ, ಅದರ ಗುರುತು ಬಲ್ಲ ಕೆಲವೇ ಕೋಶಗಳು ಅದನ್ನು ಹಿಡಿದು, ಅದರ ಚೂರನ್ನು ಅಪ್ಪಣೆ ಕೊಡುವ ಟಿ ಕೋಶಗಳಿಗೆ ತೋರಿಸಿರಬೇಕು. ಟಿ ಕೋಶ ಹೂಂ ಎಂದ ಮೇಲೆ ಆ ಬಿ ಕೋಶಗಳು ಒಂದು ಎರಡಾಗಿ, ಎರಡು ಸಾವಿರವಾಗಿ, ಪ್ರತಿಕಾಯಗಳನ್ನು ಸುರಿಸಿರಬೇಕು. ಪ್ರತಿಕಾಯ ಮೈಗಂಟಿತೆಂದರೆ ವೈರಸ್ಸಿಗೆ ಯಾವ ಕೋಶದ ಬಾಗಿಲೂ ತೆರೆಯದು. ಜಗಳ ಮುಗಿದ ಮೇಲೂ ಕೆಲವು ಬಿ ಕೋಶಗಳು ಅಮ್ಮನಂಥವು, ಹಳೆಯದನ್ನು ಮರೆಯುವುದೇ ಇಲ್ಲ. ಮತ್ತೆ ಅದೇ ವೈರಸ್ಸು ಬಂದರೆ ಗಳಿಗೆಯಲ್ಲಿ ಮೈಮೇಲೆ ಬೀಳುತ್ತವೆ.

ಹೊಸ ಸೋಂಕಿಗೆ ಪ್ರತಿಕಾಯ ಹುಟ್ಟಲು ನಾಲ್ಕು ದಿನ ಸಾಲದು. ಇವತ್ತು ಸಿಕ್ಕರೆ ಹಳೆಯದೇ, ಪೆಪ್ಪರ್‌ಮೆಂಟಿನದೇ. ಸಿಗದಿದ್ದರೆ ಕೂಸಿಗೆ ಕಾವಲೇ ಇಲ್ಲ.

ಅಕ್ಕ ಜೋಡಿಸಿದ ನಳಿಕೆಗಳನ್ನೇ ಮತ್ತೆ ಜೋಡಿಸಿದಳು. ತೊಳೆದ ಕೈಯನ್ನೇ ತೊಳೆದಳು. ಆವತ್ತು ಪೆಪ್ಪರ್‌ಮೆಂಟನ್ನು ಇನ್ನಷ್ಟು ಚೀಪಿ ಕೊಡಬೇಕಿತ್ತೇನೋ ಎಂದೂ ಅನಿಸಿ, ತನ್ನ ಬುದ್ಧಿಗೆ ತಾನೇ ನಾಚಿದಳು.

ಯಂತ್ರ ಕೊನೆಗೂ ಚೀಟಿ ಉಗುಳಿತು. ಹೊಸ ಸೋಂಕಿನ ಪ್ರತಿಕಾಯ ಇಲ್ಲ. ಹಳೆಯದು ಬೇಕಾದಷ್ಟು. ನಂಬಿಕೆಯಾಗದೆ ನಳಿಕೆಯ ಮೇಲಿನ ಹೆಸರನ್ನು ಮೂರು ಸಲ ಓದಿ, ಡಾಕ್ಟರ ಸಹಿ ಹಾಕಿಸಿಕೊಂಡು ಹೊರಗೆ ಓಡಿದಳು.

"ಕೂಸಿಗೇನೂ ಆಗಲ್ಲ ಕಣೇ. ನಿನಗೆ ಚಿಕ್ಕಂದಿನಲ್ಲೇ ಬಂದುಹೋಗಿದೆ."

ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ಅದು ಹೇಗೆ ಬರುತ್ತೆ? ನಾನು ಕಾದಿದ್ದೆನಲ್ಲ!"

"ಕಿಟಕಿ ಇತ್ತಲ್ಲಮ್ಮಾ. ಪೆಪ್ಪರ್‌ಮೆಂಟು ಕೊಟ್ಟಿದ್ದೆ. ಅರ್ಧ ಚೀಪಿದ್ದು."

"ನನ್ನ ಮೇಲೆ ಆಣೆ ಇಟ್ಟಿದ್ದೆಯಲ್ಲೇ!"

"ಹೂಂ."

ಅಮ್ಮ ಎದ್ದು ಅಕ್ಕನ ಬಿಳಿ ಕೋಟಿನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

"ಇದು ಅವತ್ತಿಂದು," ಎಂದಳು. ಆಮೇಲೆ ಅದೇ ಕೈಯಲ್ಲಿ ಮಗಳ ಕೈ ಹಿಡಿದುಕೊಂಡಳು, ಒಳಗಿನಿಂದ ಯಾರೋ ಕರೆದರೂ ಬಿಡಲಿಲ್ಲ.