ಸೋತವನ ಬಾಗಿಲಿನ ಹಾರನ್

ನಾನೊಂದು ಹಿತ್ತಾಳೆಯ ಹಾರನ್. ಅಗಲ ಬಾಯಿ, ಉದ್ದ ಕುತ್ತಿಗೆ, ಹಿಂದೆ ಒಂದು ಕಪ್ಪು ರಬ್ಬರಿನ ಉಂಡೆ. ಅದನ್ನು ಹಿಸುಕಿದರೆ "ಪೋಂ" ಎನ್ನುವುದು ನನಗೆ ಬರುವ ಒಂದೇ ವಿದ್ಯೆ. ಕರಾವಳಿಯ ಒಂದು ಗ್ಯಾರೇಜಿನ ಶೆಡ್ಡಿನಲ್ಲಿ ನನ್ನನ್ನು ತಟ್ಟಿ ಬೆಸೆದದ್ದು ಬಸ್ಸಿಗಾಗಿ. ಘಾಟಿಯ ತಿರುವುಗಳಲ್ಲಿ ಲಾರಿಗಳಿಗೆ ಬುದ್ಧಿ ಹೇಳಿದ್ದು ನಾನು. ಕರೆಂಟಿನ ಹಾರನ್ ಬಂದ ಮೇಲೆ ನನ್ನನ್ನು ಬಿಚ್ಚಿ ಗುಜರಿಗೆ ಹಾಕಿದರು. ಅಲ್ಲಿಯೇ ಬಿಟ್ಟಿದ್ದರೆ ಮರ್ಯಾದೆಯಿಂದ ತುಕ್ಕು ಹಿಡಿಯುತ್ತಿದ್ದೆ. ಫುಟ್‌ಬಾಲ್ ಹುಚ್ಚರಿಬ್ಬರು ಎತ್ತಿಕೊಂಡು ಹೋದರು.

ನಮ್ಮೂರಿನಲ್ಲಿ ಎರಡು ಕಾಲೇಜು: ಗುಡ್ಡದ ಮೇಲಿನದು, ಬಂದರಿನ ಬದಿಯದು. ವರ್ಷಕ್ಕೊಮ್ಮೆ ಎರಡಕ್ಕೂ ಪಂದ್ಯ. ಹುಡುಗರು ಕೆಸರಲ್ಲಿ ಒಂದು ಚೆಂಡಿನ ಹಿಂದೆ ಓಡುವುದು, ಅರ್ಧ ಊರಿನ ಮಾನ ಅವರ ಹಿಂದೆ ಓಡುವುದು. ಗುಡ್ಡದವರ ಪರ ಕಿರುಚಲು ಲಿಗೋರಿ ಸಿಕ್ವೇರಾ, ಬಂದರಿನವರ ಪರ ಹಮ್ಮಬ್ಬ. ಇಬ್ಬರೂ ಆಯಾ ಕಾಲೇಜಿನಲ್ಲಿ ಓದಿದವರು. ಇಬ್ಬರನ್ನೂ ಒಂದು ಸಲವೂ ತಂಡಕ್ಕೆ ಸೇರಿಸಿರಲಿಲ್ಲ. ಚೆಂಡು ಒದೆಯಲು ಬಾರದವರಿಗೇ ಗಂಟಲು ದೊಡ್ಡದು.

ಅವರು ಮಾಡಿಕೊಂಡ ಕಟ್ಟಳೆ ಕೇಳಿ. ಸೋತವನ ಬಾಗಿಲಲ್ಲಿ ನಾನು ಮುಂದಿನ ಪಂದ್ಯದ ತನಕ ನೇತಾಡಬೇಕು. ಗೆದ್ದವನು ಬೇಕೆಂದಾಗ ಬಂದು ಹಿಸುಕಬಹುದು. ಸೋತವನು ಬೈಯದೆ ಬಾಗಿಲು ತೆರೆದು ಚಾ ಕೊಡಬೇಕು. ನನಗೆ ಹುಣಸೆಹುಳಿ ಹಚ್ಚಿ ಉಜ್ಜುವುದೂ ಅವನೇ.

ಒಮ್ಮೆ ಹಮ್ಮಬ್ಬನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕುಳಿತಿದ್ದಾಗಲೇ ಲಿಗೋರಿ ನನ್ನನ್ನು ಹಿಸುಕಿದ. ಮೀನು ಮಾರುವವನ ಸೈಕಲ್ ಬಂತೆಂದು ಗಂಡಿನ ಅಪ್ಪ ಚೀಲ ಕೇಳಿದ. ಮರುವರ್ಷ ಗೆದ್ದ ಹಮ್ಮಬ್ಬ, ಲಿಗೋರಿಯ ಮನೆಯಲ್ಲಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುವ ಹೊತ್ತು ನೋಡಿ ಬಂದ. ಆಮೇಲೆ ಚಾ. ಯಾವುದೋ ಕಾಲದ ಆಫ್‌ಸೈಡ್ ಗೋಲಿನ ವಾದ. ಮೇಜಿನ ಮೇಲೆ ಬಿಸ್ಕೆಟುಗಳನ್ನು ಆಟಗಾರರಂತೆ ಜೋಡಿಸುವರು. ವಾದ ಮುಗಿಯುವ ಮೊದಲೇ ಯಾರಾದರೊಬ್ಬ ಗೋಲ್‌ಕೀಪರನ್ನು ತಿಂದಿರುವನು. "ಇಬ್ಬರಿಗೂ ಸೇರಿ ಒಂದು ತಲೆ, ಅದೂ ಖಾಲಿ," ಎಂದಿದ್ದಳು ಲಿಗೋರಿಯ ಹೆಂಡತಿ ಸೆವ್ರಿನ್. ಆ ಎರಡು ಮನೆಗಳಲ್ಲಿ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ.

ಹೋದ ವರ್ಷ ನಾನು ಲಿಗೋರಿಯ ಬಾಗಿಲಲ್ಲಿದ್ದಾಗ ಹಮ್ಮಬ್ಬನಿಗೆ ಲಕ್ವ ಹೊಡೆದು ಕಾಲು ಬಿದ್ದುಹೋಯಿತು. ಹಿಸುಕುವವರಿಲ್ಲದೆ ನನ್ನ ರಬ್ಬರ್ ಒಣಗಿ ಬಿರಿಯಿತು. ಅಷ್ಟರಲ್ಲಿ ಗುಡ್ಡದ ಕಾಲೇಜಿನವರು ತಂಡವನ್ನೇ ನಿಲ್ಲಿಸುವುದಾಗಿ ಹೇಳಿದರು. ಈ ಸಲದ್ದೇ ಕೊನೆಯ ಪಂದ್ಯ. ಅಂದರೆ ಇದರಲ್ಲಿ ಸೋತವನ ಬಾಗಿಲೇ ನನಗೆ ಕೊನೆಯ ತನಕ. ಲಿಗೋರಿಗೆ ಅನ್ನ ಇಳಿಯಲಿಲ್ಲ. ತಾನು ಸೋತರೆ, ಹಿಸುಕಲು ಬರಬೇಕಾದವನು ಹಾಸಿಗೆ ಹಿಡಿದಿದ್ದಾನೆ. ಗೆದ್ದರೆ, ತಾನು ಅವನ ಮನೆಗೆ ಹೋಗಬಹುದು. ಸುಮ್ಮನೆ ಹೋಗಿ ಮಾತಾಡಿಸಿ ಬರಬಾರದೇ ಎಂದು ನೀವು ಕೇಳಬಹುದು. ಅಷ್ಟು ಬುದ್ಧಿ ಇದ್ದಿದ್ದರೆ ಇವರು ಇಡೀ ಆಯುಸ್ಸನ್ನು ಒಂದು ಪಂದ್ಯಕ್ಕೆ ಕಟ್ಟಿಹಾಕುತ್ತಿದ್ದರೇ? ಗೆಲ್ಲದೆ ಆ ಮೆಟ್ಟಿಲು ಹತ್ತಿದ ಅಭ್ಯಾಸವೇ ಲಿಗೋರಿಗಿರಲಿಲ್ಲ.

ಗುಡ್ಡದವರು ಮೂರು ಗೋಲಿನಿಂದ ಸೋತರು. ಒಂದನ್ನು ತಾವೇ ಹೊಡೆದುಕೊಂಡರು.

ಲಿಗೋರಿ ಮನೆಗೆ ಹೋಗಲಿಲ್ಲ. ಪಂದ್ಯಕ್ಕೆ ಹೊತ್ತು ತಂದಿದ್ದ ನನ್ನನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ರಿಕ್ಷಾ ಹಿಡಿದು, ನೇರ ಹಮ್ಮಬ್ಬನ ಮನೆಗೆ ಬಂದ. ಹಮ್ಮಬ್ಬ ದಿಂಬಿಗೆ ಒರಗಿದ್ದ. ಮೊಬೈಲಿನಲ್ಲಿ ಪಂದ್ಯವನ್ನು ಕೊನೆಯ ತನಕ ನೋಡಿದ್ದ. ಮೂರು–ಸೊನ್ನೆ ಎಂಬುದು ಇನ್ನೂ ಅವನ ಎದೆಯ ಮೇಲೆ ಹೊಳೆಯುತ್ತಿತ್ತು.

"ನಿಮ್ಮವರು ಸೋತರು ಮಾರಾಯ," ಎಂದ ಲಿಗೋರಿ, ಗೋಡೆ ನೋಡುತ್ತ. "ಇದು ಇನ್ನು ಇಲ್ಲಿಯೇ."

ನಾನು ಕಾದೆ. ಒಂದು ಆಫ್‌ಸೈಡಿಗೆ ವರ್ಷಗಟ್ಟಲೆ ಜಗಳಾಡಿದ ಪ್ರಾಣಿ, ಮೂರು ಗೋಲು ಬಿಟ್ಟುಕೊಟ್ಟೀತೇ? ಹಮ್ಮಬ್ಬ ಮೊಬೈಲನ್ನು ಮೆಲ್ಲಗೆ ಮಗುಚಿಟ್ಟ.

"ನಮ್ಮ ಗೋಲ್‌ಕೀಪರ್ ಸರಿ ಇರಲಿಲ್ಲ," ಎಂದ. "ಮೊಳೆ ಅಲ್ಲೇ ಉಂಟು. ಹಾಕು."

ಲಿಗೋರಿ ನೇತುಹಾಕಿ ಹಿಸುಕಿದ. ಬಿರಿದ ರಬ್ಬರಿನಿಂದ ಬರಿ ಗಾಳಿ ಬಂತು. ಸದ್ಯ, ಈ ಮೂರ್ಖರ ಸಹವಾಸ ಮುಗಿಯಿತು ಎಂದುಕೊಂಡೆ.

ಎಲ್ಲಿ ಮುಗಿಯುತ್ತದೆ! ಈಗ ಪ್ರತಿ ಭಾನುವಾರ ಬರುತ್ತಾನೆ. ನನ್ನ ಪಕ್ಕ ನಿಂತು ತನ್ನ ಬಾಯಿಂದಲೇ "ಪೋಂ" ಎನ್ನುತ್ತಾನೆ. "ಗೆದ್ದವನು ಬಂದ, ಚಾ ಇಡು," ಎಂದು ಒಳಗಿನಿಂದ ಹಮ್ಮಬ್ಬ ಹೆಂಡತಿಗೆ ಹೇಳುತ್ತಾನೆ. ಘಾಟಿ ಇಳಿದ ಹಾರನ್ನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ದನಿಯಂತೂ ಕೇಳುವ ಹಾಗಿಲ್ಲ, ಕರು ಕೆಮ್ಮಿದಂತೆ.

ಭಾನುವಾರ ಅವನು ಬರುವುದು ತಡವಾದರೆ ಮಾತ್ರ ಗೇಟಿನ ಕಡೆ ಕಿವಿಗೊಡುತ್ತೇನೆ. ಈ ಸಲ ಇನ್ನೆಷ್ಟು ಕೆಟ್ಟದಾಗಿ ಕೂಗುತ್ತಾನೆ ಎಂದು ತಿಳಿಯಲಷ್ಟೇ, ಬೇರೇನಿಲ್ಲ.